ಭಾಷೆ ಕಲಿಸುವ ಆ್ಯಪುಗಳು ಕಲಿಯಬೇಕಾದುದೇನು?

ಭಾಷೆ ಕಲಿಸುವ ಆ್ಯಪುಗಳು ಇಂದು ಹಳ್ಳಿಹಳ್ಳಿಯನ್ನೂ ಮುಟ್ಟಿವೆ. ರಾಮಥಾಳದ ಒಕ್ಕಲು ಮನೆತನದಲ್ಲಿ ಹುಟ್ಟಿ, ಮನೆಗೆ ಮೊದಲಿಗನಾಗಿ ಕಾಲೇಜಿನ ಮೆಟ್ಟಿಲೇರಿದ ನನ್ನಂಥವನಿಗೆ ಅವು ಬಡವರ ಗುರುಗಳಾಗಿ ಕಂಡುದು ಸಹಜ. ಇಂಗ್ಲಿಷ್ ಕಲಿಯಲೆಂದು ಅಂಥದೊಂದನ್ನು ಇನ್ನೂರು ದಿನ ಬಿಡದೆ ಅಭ್ಯಾಸ ಮಾಡಿದೆನು. ದಿನಕ್ಕಿಷ್ಟು ಅಂಕ, ವಾರಕ್ಕೊಂದು ಪದಕ!

ಆಮೇಲೆ ಒಂದು ಕೆಲಸದ ಸಂದರ್ಶನಕ್ಕೆ ಹೋದೆನು. ಅರ್ಜಿಯಲ್ಲಿ ನಮ್ಮೂರ ಹೆಸರು ಕಂಡ ಹಿರಿಯರೊಬ್ಬರು, ಅಲ್ಲಿಯ ಹನಿ ನೀರಾವರಿಯ ಬಗೆಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳೆಂದರು. ನಾರಾಯಣಪುರ ಜಲಾಶಯದ ಕೃಷ್ಣೆಯ ನೀರನ್ನು ಕೊಳವೆಗಳಲ್ಲಿ ತಂದು, ಹುನಗುಂದ ಸೀಮೆಯ 24,000 ಹೆಕ್ಟೇರು ನೆಲಕ್ಕೆ ಹನಿಹನಿಯಾಗಿ ಉಣಿಸಬೇಕೆಂಬ ಯೋಜನೆಯದು. ಅದನ್ನು ನಾನರಿಯದವನಲ್ಲ. ಆದರೆ ನಾಲಗೆ ಏಳಲಿಲ್ಲ. ಸೇಬು ಕೆಂಪಗಿದೆಯೆನ್ನಲು ಬರುತ್ತಿತ್ತು. ನಮ್ಮ ಹೊಲದ ಮಾತು ಹೇಳಲು ಬರಲಿಲ್ಲ.

ಇದರಲ್ಲಿ ನನ್ನ ತಪ್ಪೂ ಉಂಟು. ಆದರೆ ಈ ಆ್ಯಪುಗಳು ಆಟಗಳಿಂದ ಅಂಕ-ಪದಕಗಳನ್ನಷ್ಟೇ ಎರವಲು ತಂದು, ಆಟ ಕಲಿಸುವವರ ಒಳಗುಟ್ಟನ್ನು ಅಲ್ಲಿಯೇ ಬಿಟ್ಟು ಬಂದಿವೆಯೆಂಬುದು ನನ್ನ ಅಭಿಪ್ರಾಯ.

2010ರಲ್ಲಿ ಪ್ರಾರಂಭವಾದ ಲಿಚೆಸ್ ಎಂಬ ಚದುರಂಗದ ತಾಣವನ್ನು ನೋಡಿರಿ. ಆಟ ಮುಗಿದ ಮೇಲೆ ಅದು ನಾವು ಎಡವಿದ ಸ್ಥಳಕ್ಕೇ ನಮ್ಮನ್ನು ಹಿಂದಕ್ಕೆ ಕರೆದೊಯ್ದು, ‘ಇದಕ್ಕಿಂತ ಒಳ್ಳೆಯ ನಡೆ ಯಾವುದು? ನೀನೇ ಹುಡುಕು’ ಎನ್ನುತ್ತದೆ. ಅದಕ್ಕೆ ಕಾಸೂ ಕೇಳುವುದಿಲ್ಲ. ಭಾಷೆಯಲ್ಲಿಯೂ ಹೀಗೇಕಾಗಬಾರದು? ‘ನನಗೆ ಇಬ್ಬರು ತಂಗಿಯರಿದ್ದಾರೆ’ ಎಂಬುದನ್ನು ನಾನು ‘ಟು ಮಿ ಟೂ ಸಿಸ್ಟರ್ಸ್ ಆರ್’ ಎಂದೆನು. ತಪ್ಪೆಂದು ಕೆಂಪು ಗೆರೆ ಬಿದ್ದಿತು, ಅಷ್ಟೆ. ಇಂಗ್ಲಿಷಿನ ‘ಹ್ಯಾವ್’ಗೆ ಸಮನಾದ ಕ್ರಿಯಾಪದ ಕನ್ನಡದಲ್ಲಿಲ್ಲ, ನಾವು ‘ನನಗೆ ಇದೆ’ ಎನ್ನುವವರು. ಈ ಒಂದು ಮಾತನ್ನು ಕನ್ನಡದಲ್ಲಿ ತಿಳಿಸಿದ್ದರೆ ನೂರು ತಪ್ಪು ತಪ್ಪುತ್ತಿದ್ದವು. ಹಣ ತೆತ್ತವರಿಗೆ ತಪ್ಪನ್ನು ವಿವರಿಸುವ ಆ್ಯಪುಗಳು ಈಗ ಬಂದಿವೆ. ಆದರೆ ಆ ವಿವರಣೆ ಬೇಕಾಗಿರುವುದು ಮನೆಯಲ್ಲಿ ಕೇಳಲು ಬಲ್ಲವರಿಲ್ಲದ ಹುಡುಗರಿಗಲ್ಲವೇ?

ಇನ್ನು 2007ರಲ್ಲಿ ಅಮೆರಿಕದ ಎಂ.ಐ.ಟಿ. ಹೊರತಂದ ಸ್ಕ್ರ್ಯಾಚ್. ಅಲ್ಲಿ ಮಕ್ಕಳು ಕಂಪ್ಯೂಟರಿಗೆ ಆಜ್ಞೆ ಕೊಡುವುದನ್ನು ತಮ್ಮದೇ ಕಥೆ, ತಮ್ಮದೇ ಆಟ ಕಟ್ಟಿ ಕಲಿಯುತ್ತಾರೆ. ಒಬ್ಬನು ಕಟ್ಟಿದ್ದನ್ನು ಇನ್ನೊಬ್ಬನು ಬಿಚ್ಚಿ ನೋಡಿ, ತಿದ್ದಿ ಬೆಳೆಸುತ್ತಾನೆ. ಭಾಷೆಯ ಆ್ಯಪಾದರೋ ತನ್ನ ವಾಕ್ಯವನ್ನೇ ನಮ್ಮ ಬಾಯಿಗೆ ತುರುಕುತ್ತದೆ. ಇಲಕಲ್ಲಿನ ನೇಕಾರನ ಮಗನು ಮಗ್ಗದ ಬಗೆಗೆ, ಒಕ್ಕಲಿಗನ ಮಗಳು ಜೋಳದ ಬಗೆಗೆ ನಾಲ್ಕು ಸಾಲು ಬರೆಯಲಿ. ಇನ್ನೊಬ್ಬರು ಓದಿ ತಿದ್ದಲಿ. ಆಗ ಆ ಭಾಷೆ ನಮ್ಮದಾಗುವುದು.

ಯಂತ್ರವು ಗುರುವಿನ ಸ್ಥಾನವನ್ನು ತುಂಬಲಾರದೆಂಬ ಹಿರಿಯರ ಮಾತು ನಿಜ. ಆದರೆ ಗುರು ದೂರವಿರುವಲ್ಲಿ ಯಂತ್ರವಾದರೂ ಗುರುವಿನ ರೀತಿಯನ್ನು ಅನುಸರಿಸಬೇಕು. ಸಹಪಾಠಿಗಳೇ, ಪದಕಗಳನ್ನು ಎಣಿಸುವುದನ್ನು ಬಿಡೋಣ. ದಿನಕ್ಕೊಂದು ವಾಕ್ಯವನ್ನು ನಮ್ಮ ಊರಿನ ಬಗೆಗೆ, ನಾವೇ ಕಟ್ಟೋಣ. ನಾನು ಈಗ ಹಾಗೆಯೇ ಮಾಡುತ್ತಿದ್ದೇನೆ. ಮುಂದಿನ ಸಂದರ್ಶನದಲ್ಲಿ ಯಾರಾದರೂ ರಾಮಥಾಳದ ಹೆಸರೆತ್ತಿದರೆ, ಈ ಸಲ ಸುಮ್ಮನಿರಲಾರೆನು.