ಕ್ಯಾಮೆರಾಕ್ಕೆ ಬೀಗ, ದೀಪಕ್ಕೆ ಹೆಬ್ಬಾಗಿಲು

ಪಶ್ಚಿಮ ಘಟ್ಟದ ನೆತ್ತಿಯೊಂದರಲ್ಲಿ ಅಮಾವಾಸ್ಯೆಯ ರಾತ್ರಿ ಮುಕ್ಕಾಲಿಯ ಮೇಲೆ ಕ್ಯಾಮೆರಾ ಇಟ್ಟು ಆಕಾಶಗಂಗೆಯ ಚಿತ್ರ ತೆಗೆಯಬಯಸುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಖಗೋಳಶಾಸ್ತ್ರದ್ದಲ್ಲ, ಕಂದಾಯದ್ದು. ಕಾಲಕೆಳಗಿನ ನೆಲ ಯಾರದು? ಮೀಸಲು ಅರಣ್ಯವೇ, ರಾಷ್ಟ್ರೀಯ ಉದ್ಯಾನವೇ, ಗೋಮಾಳವೇ, ಸೊಪ್ಪಿನಬೆಟ್ಟವೇ, ಕಾನು ಭೂಮಿಯೇ? ಒಂದೇ ಗುಡ್ಡದ ಒಂದು ಮಗ್ಗುಲು ಅರಣ್ಯ ಇಲಾಖೆಯದಾದರೆ ಇನ್ನೊಂದು ಮಗ್ಗುಲು ಕಂದಾಯ ಇಲಾಖೆಯದು. ಆಕಾಶ ಒಂದೇ ಆದರೂ ಅದನ್ನು ನೋಡಲು ನಿಲ್ಲುವ ನೆಲಕ್ಕೆ ಹತ್ತು ಹೆಸರು.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಮು ಅಭಯಾರಣ್ಯ ಪ್ರವೇಶಕ್ಕೆ ಪರವಾನಗಿ ನೀಡಬಹುದಾದ ಉದ್ದೇಶಗಳಲ್ಲಿ ಛಾಯಾಗ್ರಹಣವನ್ನೂ ಹೆಸರಿಸಿದೆ. ಆವಾಸಸ್ಥಾನವನ್ನು ಬದಲಿಸಬಾರದು, ವನ್ಯಜೀವಿಗೆ ಬಾಧೆಯಾಗಬಾರದು ಎಂಬ ಷರತ್ತನ್ನು 2022ರ ತಿದ್ದುಪಡಿ ಅದಕ್ಕೆ ಸೇರಿಸಿತು. ಷರತ್ತು ನ್ಯಾಯವಾದದ್ದೇ. ಆದರೆ ಆಡಳಿತದ ಕಲ್ಪನೆಯಲ್ಲಿ ಛಾಯಾಗ್ರಾಹಕನೆಂದರೆ ಹಗಲು ಬಂದು ಸಂಜೆಗೆ ಇಳಿದುಹೋಗುವವನು. ರಾತ್ರಿಯ ಆಕಾಶಕ್ಕಾಗಿ ಬರೆದ ಅರ್ಜಿ ಯಾವ ಮೇಜಿಗೆ ಸೇರಬೇಕೆಂಬುದೇ ಸ್ಪಷ್ಟವಿಲ್ಲದ ಕಡೆ ನಿರಾಕರಣೆಯೂ ಬಾಯಿಮಾತಿನದು, ಅನುಮತಿಯೂ ಬಾಯಿಮಾತಿನದು. ಲಿಖಿತ ನಿಯಮವಿಲ್ಲದಲ್ಲಿ ಪರಿಚಯವೇ ಪರವಾನಗಿಯಾಗುತ್ತದೆ.

ಹಾಗೆಂದು ‘ಆಕಾಶ ಎಲ್ಲರದು, ತಡೆಯಲು ಇವರಾರು’ ಎಂಬ ವಾದವನ್ನು ಒಪ್ಪಲಾಗದು. ಕಾಡಿನ ರಾತ್ರಿ ಖಾಲಿ ಬಿದ್ದಿರುವ ಸಮಯವಲ್ಲ. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರವನ್ನು 2009ರಲ್ಲಿ ನಿಲ್ಲಿಸಿದಾಗ ರಾತ್ರಿಗೆ ಬೇರೆ ಹಕ್ಕುದಾರರಿದ್ದಾರೆ ಎಂಬುದನ್ನು ಈ ನಾಡು ಒಪ್ಪಿಕೊಂಡಿತು. ಕೊಡಗಿನಲ್ಲಿ, ಸಕಲೇಶಪುರದಲ್ಲಿ ಕತ್ತಲಲ್ಲಿ ಆನೆಗೆ ಎದುರಾಗುವುದೆಂದರೆ ಏನೆಂದು ಅಲ್ಲಿನ ಕೂಲಿಕಾರರನ್ನು ಕೇಳಬೇಕು. ಮೇಲಾಗಿ, ಆಕಾಶಗಂಗೆಯ ಕೇಂದ್ರಭಾಗ ಚೆನ್ನಾಗಿ ಕಾಣುವ ತಿಂಗಳುಗಳಲ್ಲಿ ಜೂನ್‌ನಿಂದಾಚೆಯವನ್ನು ಮಳೆಮೋಡ ನುಂಗುತ್ತದೆ. ಉಳಿಯುವ ಫೆಬ್ರವರಿಯಿಂದ ಮೇವರೆಗಿನ ರಾತ್ರಿಗಳು ಕಾಳ್ಗಿಚ್ಚಿನ ಕಾಲವೂ ಹೌದು. ಒಂದು ಒಲೆಯ ಕಿಡಿ ಸಾಕು, ಹುಲ್ಲುಗಾವಲು ಬೂದಿಯಾಗಲು. 2024ರ ಜನವರಿಯಲ್ಲಿ ಕುಮಾರಪರ್ವತದ ಹಾದಿಯಲ್ಲಿ ನೆರೆದ ಜನಜಾತ್ರೆ ಚಾರಣಕ್ಕೆ ಮುಂಗಡ ನೋಂದಣಿ ಮತ್ತು ಸಂಖ್ಯಾಮಿತಿ ತರಲು ಕಾರಣವಾಯಿತು. ಇಂದು ಹತ್ತು ಮುಕ್ಕಾಲಿಗಳು ಬಂದಲ್ಲಿಗೆ ನಾಳೆ ನೂರು ಡೇರೆಗಳು ಬಾರವೆಂದು ಯಾರು ಹೇಳಬಲ್ಲರು?

ಇಲಾಖೆಯ ಆತಂಕಕ್ಕೆ ಆಧಾರವಿದೆ. ಆಧಾರವಿಲ್ಲದ್ದು ಅದರ ತಾರತಮ್ಯಕ್ಕೆ. ಕ್ಯಾಮೆರಾ ಬೆಳಕನ್ನು ಪಡೆಯುವ ಯಂತ್ರ. ಇಪ್ಪತ್ತು ಸೆಕೆಂಡು ಕಣ್ತೆರೆದು ಸುಮ್ಮನೆ ಕೂರುವುದಷ್ಟೇ ಅದರ ಕೆಲಸ. ಅದೇ ಬೆಟ್ಟದ ಬುಡದ ರೆಸಾರ್ಟಿನ ಹೊನಲು ದೀಪ ಬೆಳಕನ್ನು ಎರಚುವ ಯಂತ್ರ. ಬೆಳಗಿನ ಜಾವದವರೆಗೆ ಉರಿಯುವ ಬಿಳಿ ಎಲ್‌ಇಡಿಯ ಪ್ರಭೆ ಮಲೆನಾಡಿನ ಮಂಜಿನಲ್ಲಿ ಚದುರಿ ಕಣಿವೆಯನ್ನೆಲ್ಲ ತುಂಬುತ್ತದೆ. ಮುಂಗಾರಿನ ಮೊದಲ ವಾರಗಳಲ್ಲಿ ಬೆಳಕಿನ ಸಂಕೇತದಿಂದಲೇ ಸಂಗಾತಿಯನ್ನು ಕರೆಯುವ ಮಿಂಚುಹುಳುವಿಗೆ ಆ ಪ್ರಭೆಯಲ್ಲಿ ತನ್ನವರ ಕರೆ ಕಾಣದು. ಇರುಳನ್ನೇ ನಂಬಿ ಬದುಕುವ ಕಾಡುಪಾಪ ಎಲ್ಲಿಗೆ ಹೋಗಬೇಕು? ನೀರಿನ ಮಾಲಿನ್ಯಕ್ಕೆ 1974ರ ಕಾಯ್ದೆಯಿದೆ, ಗಾಳಿಗೆ 1981ರದ್ದು, ಶಬ್ದಕ್ಕೆ 2000ದ ನಿಯಮಾವಳಿ. ಬೆಳಕಿನ ಮಾಲಿನ್ಯಕ್ಕೆ ಅಂತಹ ಪ್ರತ್ಯೇಕ ಕಾನೂನಿಲ್ಲ. ನಕ್ಷತ್ರದ ಬೆಳಕನ್ನು ಪಡೆಯುವವನು ಅರ್ಜಿ ಹಿಡಿದು ಅಲೆಯಬೇಕು, ನಕ್ಷತ್ರಗಳನ್ನೇ ಅಳಿಸುವವನು ಗುಂಡಿ ಒತ್ತಿದರೆ ಸಾಕು. ಇದೆಂಥ ಸಂರಕ್ಷಣೆ?

ಬೇರೆ ದಾರಿ ಇದೆಯೆಂಬುದಕ್ಕೆ ದೂರದ ಲಡಾಖ್ ಸಾಕ್ಷಿ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಹಾನ್ಲೆ ದೂರದರ್ಶಕವನ್ನು ನಡೆಸುವುದು ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಅದರ ಸುತ್ತಲಿನ 1,073 ಚದರ ಕಿಲೋಮೀಟರ್ ಪ್ರದೇಶವನ್ನು 2022ರಲ್ಲಿ ಕತ್ತಲಾಗಸದ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಹಳ್ಳಿಗರು ದೀಪಗಳಿಗೆ ಮುಚ್ಚಳ, ಕಿಟಕಿಗಳಿಗೆ ಪರದೆ ಹಾಕಿದರು. ತರಬೇತಿ ಪಡೆದ ಸ್ಥಳೀಯರೇ ದೂರದರ್ಶಕ ಹಿಡಿದು ಪ್ರವಾಸಿಗರಿಗೆ ಆಕಾಶ ತೋರಿಸುತ್ತಿದ್ದಾರೆ. ಮಹಾರಾಷ್ಟ್ರದ ಪೆಂಚ್ ಹುಲಿ ಮೀಸಲು ಪ್ರದೇಶಕ್ಕೂ 2024ರಲ್ಲಿ ಕತ್ತಲಾಗಸದ ಉದ್ಯಾನವೆಂಬ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. ಮೊದಲು ದೀಪಕ್ಕೆ ಶಿಸ್ತು, ಆಮೇಲೆ ಅತಿಥಿಗೆ ಆಹ್ವಾನ ಎಂಬ ಕ್ರಮ ಇಲ್ಲಿ ಗಮನಾರ್ಹ.

ಸಹ್ಯಾದ್ರಿಯಲ್ಲಿ ಆಗಬೇಕಾದದ್ದೂ ಇದೇ. ಅಭಯಾರಣ್ಯ ಮತ್ತು ಆನೆದಾರಿಗಳ ಹೊರಗಿನ ಕೆಲವು ಸಾರ್ವಜನಿಕ ಜಾಗಗಳನ್ನು ಆಕಾಶವೀಕ್ಷಣೆಗೆಂದು ಗುರುತಿಸಲಿ. ಅಲ್ಲಿಗೆ ಒಂದೇ ಅರ್ಜಿ, ಉತ್ತರಕ್ಕೆ ಗಡುವು, ನಿರಾಕರಿಸಿದರೆ ಲಿಖಿತ ಕಾರಣ ಇರಲಿ. ಬೆಂಕಿ, ಡ್ರೋನ್, ಬಿಳಿ ಟಾರ್ಚು ಸಲ್ಲದು; ಮಂದವಾದ ಕೆಂಪು ದೀಪ ಸಾಕು. ಮಿಂಚುಹುಳುಗಳ ಕಾಲದಲ್ಲಿ ಅವುಗಳ ತಾಣಗಳಿಗೆ ಯಾರಿಗೂ ಪ್ರವೇಶ ಬೇಡ. ಊರಿನ ಮಾರ್ಗದರ್ಶಿ ಜೊತೆಗಿರಲಿ, ಶುಲ್ಕ ಗ್ರಾಮ ಅರಣ್ಯ ಸಮಿತಿಗೆ ಸೇರಲಿ.

ಇದಕ್ಕಿಂತ ಮೊದಲು ದೀಪಗಳ ಸರದಿ ಬರಬೇಕು. 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಕಟ್ಟಡ ಪರವಾನಗಿ ನೀಡುವ ಅಧಿಕಾರ ಗ್ರಾಮ ಪಂಚಾಯಿತಿಗಿದೆ. ಹೊರದೀಪಗಳು ನೆಲಕ್ಕೆ ಮುಖ ಮಾಡಿರಬೇಕು, ರಾತ್ರಿ ಹತ್ತರ ನಂತರ ಆರಬೇಕು ಎಂಬ ಷರತ್ತನ್ನು ಆ ಪರವಾನಗಿಗೆ ಸೇರಿಸಬೇಕೆಂದು ಮಲೆನಾಡಿನ ಗ್ರಾಮಸಭೆಗಳು ನಿರ್ಣಯ ಮಾಡಲಿ. ಚಿತ್ರಕ್ಕಾಗಿ ಅನುಮತಿ ಕೇಳುವವರೂ ಆ ಸಭೆಗಳಲ್ಲಿ ಬಂದು ಕೂರಲಿ. ಕತ್ತಲೆಯೇ ಉಳಿಯದ ಬೆಟ್ಟದ ಮೇಲೆ ಅನುಮತಿಪತ್ರ ಹಿಡಿದು ನಿಂತು ಅವರು ತೆಗೆಯುವುದಾದರೂ ಯಾವ ಚಿತ್ರವನ್ನು?