ಆರು ತಿಂಗಳ ಕಲಿಕೆ, ಮೂರು ವರ್ಷದ ಕಂತು

ಪದವಿ ಮುಗಿಸಿ ಎರಡು-ಮೂರು ವರ್ಷ ಎಲ್ಲೋ ಸಣ್ಣ ಸಂಬಳಕ್ಕೆ ದುಡಿದ ತರುಣ ತರುಣಿಯರ ಮೊಬೈಲಿಗೆ ಈಗ ಒಂದು ಬಗೆಯ ಜಾಹೀರಾತು ತಪ್ಪದೆ ಬರುತ್ತದೆ. ‘ಆರು ತಿಂಗಳಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿ, ಪದವಿ ಯಾವುದಿದ್ದರೂ ಸರಿ!’ ಇಳಕಲ್ ಸೀರೆ ನೇಯುವ ಕಮತಗಿಯಂಥ ಊರಿನಲ್ಲಿ ಈ ಮಾತಿಗಿರುವ ಸೆಳೆತವನ್ನು ಬಿಡಿಸಿ ಹೇಳಬೇಕಿಲ್ಲ. ಮಗ್ಗದ ಕೂಲಿಯಲ್ಲಿ ಸಂಸಾರ ತೂಗಿಸುವುದು ಎಷ್ಟು ಕಷ್ಟವೆಂದು ಬಲ್ಲ ತಂದೆ, ಓದಿದ ಮಗ ಮತ್ತೆ ಅದೇ ಮಗ್ಗಕ್ಕೆ ಕೂಡಲಿ ಎಂದು ಬಯಸುವುದು ಅಪರೂಪ. ಮನೆಯ ಬಂಗಾರ ಅಡವಿಟ್ಟಾದರೂ ಕಲಿಸೋಣ ಎಂಬ ಮಾತು ಹುಟ್ಟುವುದು ಇಲ್ಲಿಯೇ. ಬಂಗಾರ ಮನೆಯಿಂದ ಹೊರಬೀಳುವ ಮೊದಲು ಕೆಲವು ಲೆಕ್ಕಗಳನ್ನು ಹಾಕಿ ನೋಡುವುದು ಒಳ್ಳೆಯದು.

ಹೆಸರು ಹೊಸದು, ಆಸೆ ಹಳೆಯದು

ಇಂಥ ತರಬೇತಿಗೆ ‘ಕೋಡಿಂಗ್ ಬೂಟ್‌ಕ್ಯಾಂಪ್’ ಎಂದು ಹೆಸರು. ಬೂಟ್‌ಕ್ಯಾಂಪ್ ಎಂದರೆ ಅಮೆರಿಕದಲ್ಲಿ ಸೈನ್ಯಕ್ಕೆ ಹೊಸದಾಗಿ ಸೇರಿದವರನ್ನು ಪಳಗಿಸುವ ಶಿಬಿರ. ಅದೇ ಮಾದರಿಯಲ್ಲಿ, ಬೇರೆ ವೃತ್ತಿಯಲ್ಲಿದ್ದವರನ್ನು ಕೆಲವೇ ತಿಂಗಳು ಬಿಡುವಿಲ್ಲದೆ ದುಡಿಸಿ ಪ್ರೋಗ್ರಾಂ ಬರೆಯಲು ಕಲಿಸುವ ಶಾಲೆಗಳು 2012ರ ಸುಮಾರಿಗೆ ಅಲ್ಲಿ ತಲೆ ಎತ್ತಿದವು. ಆ ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾಗಿ ಹೆಸರು ಮಾಡಿದ ‘ಡೆವ್ ಬೂಟ್‌ಕ್ಯಾಂಪ್’ 2017ರಲ್ಲಿ ಬಾಗಿಲು ಮುಚ್ಚಿತು. ಬೆಂಗಳೂರಿನಲ್ಲಿ 2019ರಲ್ಲಿ ಆರಂಭವಾದ ‘ಮಸಾಯ್ ಸ್ಕೂಲ್’, ಮೊದಲು ಕಲಿಯಿರಿ, ಕೆಲಸ ಸಿಕ್ಕ ಮೇಲೆ ಶುಲ್ಕ ಕೊಡಿ ಎಂಬ ಪದ್ಧತಿಯಿಂದ ಗಮನ ಸೆಳೆಯಿತು.

ಆದರೆ ಆಸೆ ಹಳೆಯದೇ. 1990ರ ದಶಕದಲ್ಲಿ ಎನ್‌ಐಐಟಿ, ಆಪ್ಟೆಕ್ ಫಲಕಗಳು ಊರೂರಿಗೆ ಬಂದದ್ದನ್ನು ಇಂದಿನ ಪಾಲಕರು ಕಂಡಿದ್ದಾರೆ. 2000ನೇ ಇಸವಿಯ ದಿನಾಂಕ ಸಮಸ್ಯೆಯನ್ನು ಸರಿಪಡಿಸಲು ಜಗತ್ತಿಗೆಲ್ಲ ಪ್ರೋಗ್ರಾಮರ್‌ಗಳು ಬೇಕಾಗಿದ್ದರು. ಆ ಕೆಲಸ ಮುಗಿಯಿತು, 2001ರಲ್ಲಿ ಮಾರುಕಟ್ಟೆ ಕುಸಿಯಿತು. ಗಟ್ಟಿಯಾಗಿ ಕಲಿತವರು ಉಳಿದುಕೊಂಡರು; ಬರೀ ಪ್ರಮಾಣಪತ್ರ ಹಿಡಿದವರಿಗೆ ಅದು ಕಾಗದವಾಗಿಯೇ ಉಳಿಯಿತು.

ಲಾಳಿ ಎಸೆಯಲು ಬಂದರೆ ಸಾಕೇ?

ಕಂಪ್ಯೂಟರಿಗೂ ಮಗ್ಗಕ್ಕೂ ಹಳೆಯ ನಂಟುಂಟು. 1804ರ ಸುಮಾರಿಗೆ ಫ್ರಾನ್ಸಿನ ಜಾಕಾರ್ಡ್, ತೂತುಗಳಿರುವ ರಟ್ಟುಗಳಿಂದ ಮಗ್ಗವನ್ನು ನಡೆಸಿ ತೋರಿಸಿದ. ತೂತಿದ್ದಲ್ಲಿ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಈ ‘ಉಂಟು-ಇಲ್ಲ’ ಎಂಬ ಎರಡೇ ಮಾತಿನ ಭಾಷೆಯನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ತೆಗೆದುಕೊಂಡ. 1890ರ ಅಮೆರಿಕದ ಜನಗಣತಿಯೂ ತೂತಿನ ರಟ್ಟುಗಳಿಂದಲೇ ನಡೆಯಿತು. ಕಂಪ್ಯೂಟರ್ ಬಂದ ಮೇಲೂ ಎಷ್ಟೋ ವರ್ಷ ಪ್ರೋಗ್ರಾಂಗಳನ್ನು ಇಂಥ ರಟ್ಟುಗಳ ಮೇಲೆಯೇ ಬರೆಯುತ್ತಿದ್ದರು.

ಹೀಗಾಗಿ ನೇಕಾರರ ಮನೆಯ ಮಕ್ಕಳು ಈ ವಿದ್ಯೆಗೆ ತೀರ ಹೊರಗಿನವರೇನಲ್ಲ. ಕನ್ನಡ ಮಾಧ್ಯಮದವರೂ ಇಂಗ್ಲಿಷಿಗೆ ಹೆದರಿ ಹಿಂದೆಗೆಯಬೇಕಿಲ್ಲ. ಹೊಸಬರು ಸಾಮಾನ್ಯವಾಗಿ ಕಲಿಯುವ ಪೈಥಾನ್ ಭಾಷೆಯಲ್ಲಿ ಕಾಯ್ದಿಟ್ಟ ಪದಗಳು ಬರೀ 35. ಕಷ್ಟವಿರುವುದು ಪದಗಳಲ್ಲಲ್ಲ, ಒಂದು ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯುವುದರಲ್ಲಿ. ಮೊದಲ ವಾರ ಎಲ್ಲವೂ ಸುಲಭವೆನಿಸುತ್ತದೆ. ಗುರುಗಳು ಬರೆದದ್ದನ್ನು ನೋಡಿ ಬರೆದರೆ ಪ್ರೋಗ್ರಾಂ ಓಡುತ್ತದೆ. ಖಾಲಿ ಪರದೆಯ ಮುಂದೆ ತಾನೇ ಕುಳಿತಾಗ ಕೈ ಓಡುವುದಿಲ್ಲ. ಎಲ್ಲೋ ಬಿಟ್ಟುಹೋದ ಒಂದು ಚಿಹ್ನೆಯನ್ನು ಹುಡುಕುವುದರಲ್ಲಿ ಅರ್ಧ ದಿನ ಹೋಗುತ್ತದೆ. ತರಗತಿ ಮಾತ್ರ ಯಾರಿಗೂ ಕಾಯದೆ ಮುಂದೆ ಸಾಗುತ್ತದೆ. ಕೇಳಲು ನಾಚಿ ಸುಮ್ಮನಾದವರು ಹಿಂದೆ ಬೀಳುವುದು ಇಲ್ಲಿಯೇ.

ಮೈಸೂರಿನ ಪಾಠ

ತರಬೇತಿಯಿಂದ ದಾರಿ ಬದಲಾಗುವುದೇ ಇಲ್ಲವೆಂದಲ್ಲ. ಮೈಸೂರಿನ ಇನ್ಫೋಸಿಸ್ ತರಬೇತಿ ಕೇಂದ್ರದಲ್ಲಿ ಸಿವಿಲ್, ಮೆಕ್ಯಾನಿಕಲ್ ಓದಿದ ಎಷ್ಟೋ ಮಂದಿ ಕೆಲವೇ ತಿಂಗಳಲ್ಲಿ ಪ್ರೋಗ್ರಾಂ ಬರೆಯಲು ಕಲಿತು ಕೆಲಸಕ್ಕೆ ಹತ್ತಿದ್ದಾರೆ. ಅಲ್ಲಿ ಶುಲ್ಕವಿಲ್ಲ, ಕಲಿಯುವ ಕಾಲಕ್ಕೂ ಹಣ ಕೈಸೇರುತ್ತದೆ. ಇಷ್ಟು ಅನುಕೂಲವಿದ್ದೂ, ಒಳಪರೀಕ್ಷೆಯಲ್ಲಿ ಮೂರು ಅವಕಾಶಗಳಲ್ಲೂ ತೇರ್ಗಡೆಯಾಗಲಿಲ್ಲವೆಂದು 2025ರ ಫೆಬ್ರುವರಿಯಲ್ಲಿ 300ಕ್ಕೂ ಹೆಚ್ಚು ಮಂದಿಯನ್ನು ಕಂಪನಿ ಕೈಬಿಟ್ಟಿತು. ಅವರಲ್ಲಿ ಅನೇಕರು 2022ರಲ್ಲೇ ಆಯ್ಕೆಯಾಗಿ, ಎರಡು ವರ್ಷ ಕಾದು ಸೇರಿದವರು. ಪರೀಕ್ಷೆಯನ್ನೇ ಕಠಿಣ ಮಾಡಿದ್ದರೆಂಬುದು ಅವರ ದೂರು. ಎಂಜಿನಿಯರಿಂಗ್ ಓದಿದವರ ಸ್ಥಿತಿಯೇ ಹೀಗಾದರೆ, ಕೈಯಿಂದ ಶುಲ್ಕ ಕಟ್ಟಿ ಕಲಿತು ಆಮೇಲೆ ಕೆಲಸ ಹುಡುಕಬೇಕಾದವರು ಎಷ್ಟು ಎಚ್ಚರ ವಹಿಸಬೇಕು!

ಕಾಲವೂ ಮೊದಲಿನಂತಿಲ್ಲ. 2023-24ರ ಒಂದೇ ವರ್ಷದಲ್ಲಿ ಇನ್ಫೋಸಿಸ್ ನೌಕರರ ಒಟ್ಟು ಸಂಖ್ಯೆ 25 ಸಾವಿರಕ್ಕೂ ಹೆಚ್ಚು, ಟಿಸಿಎಸ್ ನೌಕರರದು 13 ಸಾವಿರಕ್ಕೂ ಹೆಚ್ಚು ಇಳಿಯಿತು. ಹೊಸಬರಿಗೆಂದು ಕೊಡುತ್ತಿದ್ದ ಸರಳ ಪ್ರೋಗ್ರಾಂಗಳನ್ನು ಈಗ ಕೃತಕ ಬುದ್ಧಿಮತ್ತೆಯೇ ಬರೆದುಕೊಡುತ್ತದೆ. ಅದು ಬರೆದದ್ದರಲ್ಲಿ ತಪ್ಪು ಎಲ್ಲಿದೆ ಎಂದು ಹುಡುಕಬಲ್ಲವರಿಗೆ ಬೆಲೆ.

ನೂರರಲ್ಲಿ 86 ಎಂದರೆ ಎಷ್ಟು?

ಅಮೆರಿಕದ ‘ಲ್ಯಾಂಬ್ಡಾ ಸ್ಕೂಲ್’ ಎಂಬ ಸಂಸ್ಥೆ ತನ್ನಲ್ಲಿ ಕಲಿತವರಲ್ಲಿ ಶೇ. 71ರಿಂದ 86 ಮಂದಿಗೆ ಆರು ತಿಂಗಳೊಳಗೆ ಕೆಲಸ ಸಿಕ್ಕಿದೆಯೆಂದು ಜಾಹೀರಾತು ಮಾಡಿತ್ತು. ಹಣ ಹೂಡಿದವರಿಗೆ ಅದೇ ಸಂಸ್ಥೆ ಒಳಗೊಳಗೆ ಕೊಟ್ಟ ಲೆಕ್ಕ ಶೇ. 50ರ ಆಸುಪಾಸಿನಲ್ಲಿತ್ತು, ಕೆಲವು ತಂಡಗಳದು ಶೇ. 30ರಷ್ಟಿತ್ತು. ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಅದರ ಮೇಲೆ ಕ್ರಮ ಕೈಗೊಂಡಿತು. ಮುಂದೆ ಸಂಬಳದಲ್ಲಿ ಪಾಲು ಕೊಡುವ ಒಪ್ಪಂದವನ್ನು ‘ಇದು ಸಾಲವಲ್ಲ’ ಎಂದು ನಂಬಿಸಿದ್ದೂ ಆರೋಪಗಳಲ್ಲಿ ಒಂದು.

ಸುಳ್ಳು ಹೇಳದೆಯೂ ಶೇಕಡಾವಾರು ಲೆಕ್ಕವನ್ನು ಉಬ್ಬಿಸಬಹುದು. ನೂರು ಮಂದಿ ಸೇರಿದರು ಎನ್ನಿ. 40 ಮಂದಿ ನಡುವೆಯೇ ಬಿಟ್ಟರು, 60 ಮಂದಿ ಮುಗಿಸಿದರು. ಅವರಲ್ಲಿ 10 ಮಂದಿಯನ್ನು ‘ಕೆಲಸಕ್ಕೆ ಅರ್ಜಿ ಹಾಕಲಿಲ್ಲ’ ಎಂದು ಲೆಕ್ಕದಿಂದ ತೆಗೆದರು. ಉಳಿದ 50ರಲ್ಲಿ 43 ಮಂದಿಗೆ ಕೆಲಸ ಸಿಕ್ಕಿತು. ಜಾಹೀರಾತಿನಲ್ಲಿ ಅದು ಶೇ. 86, ಶುಲ್ಕ ಕಟ್ಟಿದ ಮನೆಗಳ ಲೆಕ್ಕದಲ್ಲಿ ನೂರಕ್ಕೆ 43. ಆದ್ದರಿಂದ ಪಾಲಕರು ಕೇಳಬೇಕಾದ ಮೊದಲ ಪ್ರಶ್ನೆ: ‘ಕಳೆದ ವರ್ಷ ಸೇರಿದವರು ಎಷ್ಟು, ಅವರಲ್ಲಿ ಕೆಲಸ ಸಿಕ್ಕವರೆಷ್ಟು, ಯಾವ ಕೆಲಸ, ಎಷ್ಟು ಸಂಬಳ?’ ಉತ್ತರ ಬರೆದುಕೊಡಲು ಹಿಂಜರಿಯುವ ಸಂಸ್ಥೆಯಿಂದ ದೂರವಿರುವುದು ಲೇಸು.

ಎರಡನೆಯದು ಕಂತಿನ ಪ್ರಶ್ನೆ. ‘ತಿಂಗಳಿಗೆ ಇಷ್ಟೇ’ ಎನ್ನುವ ಕಂತು ಎಷ್ಟೋ ಸಲ ಹಣಕಾಸು ಕಂಪನಿಯೊಂದರ ಸಾಲವೇ ಆಗಿರುತ್ತದೆ. ಕಲಿಕೆ ಆರು ತಿಂಗಳಿಗೆ ಮುಗಿದರೂ ಕಂತು ಎರಡು-ಮೂರು ವರ್ಷ ನಡೆಯಬಹುದು. ಹುಡುಗ ನಡುವೆ ಬಿಟ್ಟರೂ ಅದು ತಾನಾಗಿ ನಿಲ್ಲುವುದಿಲ್ಲ. ಆನ್‌ಲೈನ್ ಸಾಲಕ್ಕೆ ರಿಸರ್ವ್ ಬ್ಯಾಂಕ್ ತಂದ ನಿಯಮದಂತೆ, ಒಟ್ಟು ವೆಚ್ಚವನ್ನು ತೋರಿಸುವ ವಿವರಪತ್ರ ಕೊಡಬೇಕು. ಮನಸ್ಸು ಬದಲಾದರೆ ದಂಡವಿಲ್ಲದೆ ಹಿಂದೆ ಸರಿಯಲು ಸ್ವಲ್ಪ ಕಾಲಾವಕಾಶವನ್ನೂ ಇಡಬೇಕು. ಕೋಚಿಂಗ್ ಸಂಸ್ಥೆಗಳು ಉದ್ಯೋಗ ಖಾತ್ರಿಯೆಂದು ಸುಳ್ಳು ಭರವಸೆ ಕೊಡಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ವಿಧಿಸಿದೆ. ಮೋಸವಾಯಿತೆನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರಬಹುದು.

ಮೊದಲು ಮನೆಯಲ್ಲೇ ಪರೀಕ್ಷೆ

ಶುಲ್ಕ ಕಟ್ಟುವ ಮೊದಲು ಮೂರು ತಿಂಗಳು ಮನೆಯಲ್ಲೇ ಕಲಿತು ನೋಡಲಿ. ಐಐಟಿಗಳ ಎನ್‌ಪಿಟಿಇಎಲ್ ಪಾಠಗಳನ್ನು ಪುಕ್ಕಟೆ ಕೇಳಬಹುದು. ಪ್ರಮಾಣಪತ್ರದ ಪರೀಕ್ಷೆಗಷ್ಟೇ ಶುಲ್ಕ. ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್ ಕೂಡ ಉಚಿತ. ದಿನಕ್ಕೆರಡು ತಾಸು ತಪ್ಪದೆ ಕುಳಿತು, ಕೊನೆಗೆ ಯಾರ ನೆರವೂ ಇಲ್ಲದೆ ಒಂದು ಸಣ್ಣ ಪ್ರೋಗ್ರಾಂ ಬರೆಯಲಿ. ವಾರಕ್ಕೆ ನೇಯ್ದ ಸೀರೆ, ಅದರ ಕೂಲಿ, ಮುಂಗಡದಲ್ಲಿ ಮುರಿದದ್ದು, ಕೈಗೆ ಬಂದದ್ದು ಎಷ್ಟೆಂಬ ಲೆಕ್ಕವಾದರೂ ಸಾಕು. ಅದು ಸರಿಯಾಗಿ ಓಡಿದರೆ, ತಪ್ಪು ಹುಡುಕುವುದರಲ್ಲಿ ಬೇಸರ ಬಾರದಿದ್ದರೆ, ಮುಂದಿನ ಮಾತು. ಮೂರು ವಾರಕ್ಕೇ ಸಾಕೆನಿಸಿದರೆ ಹೋದದ್ದು ಮೂರು ವಾರ ಮಾತ್ರ, ಬಂಗಾರವಲ್ಲ.

ಇನ್ನೊಂದು ಮಾತು. ದಾರಿ ಬದಲಿಸುವುದೆಂದರೆ ಹಿಂದೆ ಕಲಿತದ್ದನ್ನೆಲ್ಲ ಎಸೆಯುವುದಲ್ಲ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸಿದಾಗಲೇ ಸೀರೆ. ಬಿ.ಕಾಂ. ಓದಿದವಳಿಗೆ ಲೆಕ್ಕಪತ್ರದ ತಿಳಿವಳಿಕೆಯಿದೆ; ಔಷಧಿ ಅಂಗಡಿಯಲ್ಲಿ ದುಡಿದವನಿಗೆ ಆ ವ್ಯವಹಾರ ಗೊತ್ತು. ಅದರ ಜೊತೆಗೆ ಕಂಪ್ಯೂಟರ್ ವಿದ್ಯೆ ಕೂಡಿದರೆ, ಲೆಕ್ಕದ ಸಾಫ್ಟ್‌ವೇರ್ ಪರೀಕ್ಷಿಸುವುದು, ಮಾಹಿತಿ ವಿಂಗಡಿಸುವುದು, ಗ್ರಾಹಕರಿಗೆ ತಾಂತ್ರಿಕ ನೆರವು ಕೊಡುವುದು ಮುಂತಾದ ಕೆಲಸಗಳಿಗೆ ಪ್ರಯತ್ನಿಸಬಹುದು. ಮೊದಲ ಸಂಬಳ ಜಾಹೀರಾತಿನಲ್ಲಿ ಕಂಡಷ್ಟು ಇರಲಿಕ್ಕಿಲ್ಲ. ಆದರೆ ಹಳೆಯ ಅನುಭವ ಹಾಳಾಗುವುದಿಲ್ಲ, ಹೊಸ ವಿದ್ಯೆಗೂ ಆಸರೆ ಸಿಗುತ್ತದೆ.