ಒಂದೇ ಹೆಸರು, ಎರಡು ಅಳತೆ

ತಾವರಗೇರಾದಲ್ಲಿರುವ ನಮ್ಮಕ್ಕನ ಮನೆಗೆ ಹೋದಾಗ ಅವಳ ಮಗ ನನ್ನನ್ನು ನ್ಯಾಯಾಧೀಶನ ಪೀಠದಲ್ಲಿ ಕುಳ್ಳಿರಿಸಿಬಿಟ್ಟನು. ವ್ಯಾಜ್ಯವು ಕಂಪ್ಯೂಟರ್ ಆಟಗಳಿಗೆ ಬೇಕಾದ ಗ್ರಾಫಿಕ್ಸ್ ಕಾರ್ಡಿನದು. ಹಣ ಅಕ್ಕನದು, ಹೊಲಿಗೆಯಿಂದ ಎರಡು ವರ್ಷ ಕೂಡಿಟ್ಟದ್ದು. ಹುಡುಗನು ಮೆಚ್ಚಿದ್ದು ಎನ್‌ವಿಡಿಯಾ ಕಂಪನಿಯು 2025ರ ಏಪ್ರಿಲಿನಲ್ಲಿ ಹೊರತಂದ ಆರ್‌ಟಿಎಕ್ಸ್ 5060 ಟಿಐ. ತೀರ ಅಗ್ಗವೂ ಅಲ್ಲ, ಸಿರಿವಂತರ ಚಪಲವೂ ಅಲ್ಲ. ನಮ್ಮಂತೆಯೇ ನಡುವೆ ನಿಂತ ಸರಕು.

"ಮಾಮಾ, ಹೆಸರು ಒಂದೇ, ಬರೋವು ಎರಡು. 8 ಜಿಬಿದು ಸೋವಿ ಐತಿ," ಎಂದನು.

ಸೋವಿ ನಿಜ. ಅಮೆರಿಕದಲ್ಲಿ ಘೋಷಿಸಿದ ಬೆಲೆ 8 ಜಿಬಿಗೆ 379 ಡಾಲರ್, 16 ಜಿಬಿಗೆ 429. ಎರಡರ ಮಿದುಳೂ ಒಂದೇ; ಬೇರೆಯಿರುವುದು ನೆನಪಿನ ಅಳತೆ ಮಾತ್ರ. ಆದರೆ ಅಡುಗೆಯವನು ಎಷ್ಟೇ ಚುರುಕಾದರೂ ಕೈಯಳತೆಯ ಕಪಾಟು ಕಿರಿದಾದರೆ ಮಾತುಮಾತಿಗೂ ಉಗ್ರಾಣಕ್ಕೆ ಓಡಬೇಕಲ್ಲವೆ? ಕಾರ್ಡಿನ ಸ್ವಂತ ನೆನಪಿನಿಂದ ಸೆಕೆಂಡಿಗೆ 448 ಜಿಬಿ ಹರಿದು ಬರುತ್ತದೆ. ಅದು ತುಂಬಿತೋ, ಯಂತ್ರದ ಸಾಮಾನ್ಯ ನೆನಪಿನಿಂದ ತರಬೇಕು. ಹುಡುಗನ ಯಂತ್ರ 2018ರದು. ಅದರ ಹಳೆಯ ಪಿಸಿಐಇ 3.0 ದಾರಿಯಲ್ಲಿ ಈ ಕಾರ್ಡಿಗೆ ದಕ್ಕುವುದು ಸೆಕೆಂಡಿಗೆ ಸುಮಾರು 8 ಜಿಬಿ. ಆಟ ಮುಗ್ಗರಿಸುವುದು ಇಲ್ಲಿಯೇ. ಅಗ್ಗದ ಕಾರ್ಡು ಹೆಚ್ಚು ಕಾಡುವುದು ಹಳೆಯ ಯಂತ್ರವುಳ್ಳ ಬಡವನನ್ನೇ ಎಂಬುದು ವಿಚಿತ್ರವಾದರೂ ಸತ್ಯ.

ಹಳೆಯ ಆಟಗಳಿಗೆ 8 ಜಿಬಿ ಸಾಕು. 2024ರಲ್ಲಿ ಬಂದ ಇಂಡಿಯಾನಾ ಜೋನ್ಸ್‌ನಂಥ ಆಟವನ್ನು ಪೂರ್ಣ ಸೊಗಸಿನಲ್ಲಿ ಆಡಬೇಕೆಂದರೆ ಸಾಲದು. ನನ್ನ ತೀರ್ಪು: ಕೊಂಡರೆ 16, ಇಲ್ಲವಾದರೆ ಇನ್ನಷ್ಟು ಕಾಯುವುದು. ಜೊತೆಗೆ ಕಂಪನಿಯು 600 ವ್ಯಾಟಿನ ವಿದ್ಯುತ್ ಪೂರೈಕೆಯನ್ನು ಸೂಚಿಸುತ್ತದೆ. ಹುಡುಗನ ಪೆಟ್ಟಿಗೆಯಲ್ಲಿರುವುದು 450. ಆ ಖರ್ಚನ್ನು ಅವನು ತಾಯಿಗೆ ಹೇಳಿರಲೇ ಇಲ್ಲ!

ಅಷ್ಟು ಹೊತ್ತೂ ಗುಂಡಿ ಹಚ್ಚುತ್ತ ಕುಳಿತಿದ್ದ ಅಕ್ಕ ತಲೆಯೆತ್ತಿದಳು. "ಕರೆಂಟು ಎಷ್ಟು ತಿಂತದ, ತಮ್ಮಾ?"

ಕಾರ್ಡು ಪೂರ್ಣ ದುಡಿಮೆಯಲ್ಲಿ 180 ವ್ಯಾಟ್ ಎಳೆಯುತ್ತದೆ. ದಿನಕ್ಕೆ ಮೂರು ತಾಸಾದರೆ ತಿಂಗಳಿಗೆ 16 ಯೂನಿಟ್, ಉಳಿದ ಯಂತ್ರದ್ದು ಬೇರೆ. ಗೃಹಜ್ಯೋತಿಯ ಉಚಿತ ವಿದ್ಯುತ್ತೋ ಮನೆಯ ಹಿಂದಿನ ಸರಾಸರಿಗೆ ಕೊಂಚವೇ ಸೇರಿಸಿ ಕಟ್ಟಿದ ಲೆಕ್ಕ. ಅವಳ ಹೊಲಿಗೆ ಯಂತ್ರದ ಮೋಟಾರೂ ಅದರಲ್ಲೇ ನಡೆಯಬೇಕು.

ಅಕ್ಕ ಬೆರಳು ಮಡಿಚಿ ಎಣಿಸಿದಳು. "ಹದಿನಾರರದೇ ತರಲಿ. ಆದ್ರ ಮೂರು ತಾಸು ಬ್ಯಾಡ, ಒಂದು ತಾಸು ಆಡ್ಲಿ."

ಹುಡುಗ ನನ್ನತ್ತ ನೋಡಿದನು. ನಾನು ಚಹದ ಬಟ್ಟಲನ್ನು ನೋಡಿದೆನು.